ಏಳನೇ ನಮೂನೆಯ ಅರಸು

ಕೇಳುಗರಿಗೆ ನಮಸ್ಕಾರ.

ನಮ್ಮ ಕೊಡಗಿನ ಗೋಣಿಕೊಪ್ಪದಲ್ಲಿ ಮೈಸೂರು ಬಸ್ಸು ಹತ್ತಿ ತಿತಿಮತಿ, ಆನೆಚೌಕೂರು ದಾಟಿದರೆ ಮುಂದೆ ಹುಣಸೂರು. ಆ ತಾಲ್ಲೂಕಿನ ಕಲ್ಲಹಳ್ಳಿಯವರು ಎಪ್ಪತ್ತರ ದಶಕದ ಮುಖ್ಯಮಂತ್ರಿ ಡಿ. ದೇವರಾಜ ಅರಸು. ನಮ್ಮ ಪಕ್ಕದ ಮನೆಯವರು ಎನ್ನಬಹುದು. ಆದರೂ ಅವರ ಹೆಸರು ಬಂದರೆ ಕೊಡಗಿನ ಹಿರಿಯರಲ್ಲಿ ಅನೇಕರು ಇವತ್ತಿಗೂ ಹೇಳುವುದು ಒಂದೇ ಮಾತು: "ಅರಸು ಗದ್ದೆ ಕಿತ್ತು ಕಂಡಕಂಡವರಿಗೆ ಹಂಚಿದರು." ಇದು ತಪ್ಪು. ಇವತ್ತು ಇದೊಂದನ್ನಾದರೂ ಸರಿಯಾಗಿ ತಿಳಿದುಕೊಳ್ಳೋಣ. ಅರಸು ಹಂಚಲಿಲ್ಲ. ಮೊದಲು ಜಮೀನನ್ನು ಸರ್ಕಾರಕ್ಕೆ ತಂದರು, ಆಮೇಲೆ ಉಳುತ್ತಿದ್ದವನ ಹೆಸರಿಗೆ ಮಾಡಿದರು. ಈ ಕ್ರಮದಲ್ಲೇ ಅವರ ಜಾಣ್ಮೆಯೆಲ್ಲ ಇದೆ.

ಯಾಕೆ ಎಂದು ತಿಳಿಯಬೇಕಾದರೆ ಸಾಗರ ತಾಲ್ಲೂಕಿನ ಕಾಗೋಡಿಗೆ ಹೋಗಬೇಕು. 1951ರ ಏಪ್ರಿಲ್. ಅಲ್ಲಿ ದೀವರ ಸಮುದಾಯದ ಗೇಣಿದಾರರು ಎದ್ದು ನಿಂತದ್ದು ಕೊಳಗದ ಕಾರಣಕ್ಕೆ. ಗೇಣಿ ಭತ್ತ ಅಳೆಯುವ ಪಾತ್ರೆಯೇ ಕೊಳಗ. ಜಮೀನಿನ ಒಡೆಯರ ಕಳದಲ್ಲಿ ಇದ್ದದ್ದು ನ್ಯಾಯದ ಅಳತೆಗಿಂತ ದೊಡ್ಡ ಕೊಳಗ. ಲೆಕ್ಕಕ್ಕೆ ಹೀಗೆ ಹಿಡಿಯಿರಿ: ಒಂದು ಕೊಳಗದಲ್ಲಿ ಅರ್ಧ ಸೇರು ಹೆಚ್ಚು ಹಿಡಿದರೆ, ನೂರು ಕೊಳಗ ಅಳೆಯುವಷ್ಟರಲ್ಲಿ ಐವತ್ತು ಸೇರು ಭತ್ತ ಸದ್ದಿಲ್ಲದೆ ಒಡೆಯರ ಕಣಜ ಸೇರುತ್ತದೆ. ಬಾಯಿಮಾತಿನ ಗೇಣಿಗೆ ರಸೀದಿ ಎಲ್ಲಿಂದ ಬರಬೇಕು? ಗೇಣಿದಾರರು ಸರಿಯಾದ ಕೊಳಗ ಕೇಳಿದರು. ಒಡೆಯರು ಗದ್ದೆಗೆ ಇಳಿಯಬೇಡಿ ಎಂದರು. ಇವರು ನೇಗಿಲು ಹೊತ್ತು ಗದ್ದೆಗೆ ಇಳಿದರು, ತಂಡ ತಂಡವಾಗಿ ಜೈಲು ಸೇರಿದರು. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಬೆನ್ನಿಗೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು.

ಅಷ್ಟೆಲ್ಲ ಆದರೂ ಗದ್ದೆ ಅವರದಾಗಲಿಲ್ಲ. ಯಾಕೆ? ಗೇಣಿದಾರ ಒಡೆಯನ ಎದುರು ನಿಂತೇ ತಾನು ಗೇಣಿದಾರ ಎಂದು ಸಾಬೀತು ಮಾಡಬೇಕಿತ್ತು. ಒಡೆಯ "ಇವನು ನನ್ನ ಕೂಲಿಯಾಳು" ಎಂದರೆ ಮುಗಿಯಿತು. ಕೈಯಲ್ಲಿ ಚೀಟಿಯಿಲ್ಲ, ವಕೀಲನಿಗೆ ದುಡ್ಡಿಲ್ಲ. 1961ರ ಭೂಸುಧಾರಣಾ ಕಾಯ್ದೆ ಬಂತು, 1965ರ ಅಕ್ಟೋಬರ್ 2ರಿಂದ ಜಾರಿಯೂ ಆಯಿತು. ಆದರೆ ಅದರಲ್ಲಿ ಒಡೆಯ "ನನಗೇ ಸಾಗುವಳಿಗೆ ಬೇಕು" ಎಂದು ಜಮೀನು ಬಿಡಿಸಿಕೊಳ್ಳುವ ದಾರಿ ಇತ್ತು.

ಅರಸು ಮುಖ್ಯಮಂತ್ರಿಯಾದದ್ದು 1972ರ ಮಾರ್ಚ್ 20ರಂದು. ಅವರು ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಆ ದಿನ ಗೇಣಿದಾರರ ಸ್ವಾಧೀನದಲ್ಲಿದ್ದ ಜಮೀನೆಲ್ಲ, ಕಾನೂನೇ ಬಿಟ್ಟ ಕೆಲವನ್ನು ಹೊರತುಪಡಿಸಿ, ಸರ್ಕಾರದ್ದು. ಇದು 44ನೇ ಕಲಂ. ಒಡೆಯನಿಗೆ ಪರಿಹಾರದ ಹಕ್ಕು ಮಾತ್ರ ಉಳಿಯಿತು. ಮೊದಲು ಸರ್ಕಾರಕ್ಕೆ, ಆಮೇಲೆ ಉಳುವವನಿಗೆ. ನೋಡಿ, ಇಲ್ಲಿ ಗೇಣಿದಾರ ಒಡೆಯನಿಂದ ಏನನ್ನೂ ಕೇಳುತ್ತಿಲ್ಲ. ಸರ್ಕಾರವನ್ನು ಕೇಳುತ್ತಿದ್ದಾನೆ.

ಕೇಳುವ ಕಾಗದವೇ ಏಳನೇ ನಮೂನೆ. ಸರ್ವೆ ನಂಬರು, ವಿಸ್ತೀರ್ಣ, ಒಡೆಯನ ಹೆಸರು, ಇಷ್ಟನ್ನು ಬರೆದು ತಾಲ್ಲೂಕಿನ ಭೂ ನ್ಯಾಯಮಂಡಳಿಗೆ ಕೊಡಬೇಕು. ಮಂಡಳಿಗೆ ಉಪವಿಭಾಗಾಧಿಕಾರಿ ಅಧ್ಯಕ್ಷರು. ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿಲ್ಲ ಎಂದೇ ಕಾನೂನಿನಲ್ಲಿ ಬರೆದಿತ್ತು. ಆ ನಿರ್ಬಂಧವನ್ನು ಸುಪ್ರೀಂ ಕೋರ್ಟು ಆಮೇಲೆ ತೆಗೆದುಹಾಕಿತು. ಪಹಣಿಯ 12ನೇ ಕಾಲಂನಲ್ಲಿ ಸಾಗುವಳಿದಾರ ಎಂದು ಹೆಸರಿದ್ದರೆ ಅರ್ಧ ಗೆದ್ದಂತೆ. ಹೆಸರಿಲ್ಲದಿದ್ದರೆ ಅಕ್ಕಪಕ್ಕದ ಗದ್ದೆಯವರ ಸಾಕ್ಷ್ಯ, ಸ್ಥಳ ತನಿಖೆ. ಕಡೆಗೆ ಹತ್ತನೇ ನಮೂನೆಯಲ್ಲಿ ಅಧಿಭೋಗದ, ಅಂದರೆ ಜಮೀನು ಉಳುವವನದೇ ಎನ್ನುವ, ಹಕ್ಕುಪತ್ರ. ಅರ್ಜಿ ಹಾಕುವ ಗಡುವನ್ನು ಮುಂದೂಡುತ್ತ ಬಂದು ಕೊನೆಗೆ 1979ರ ಜೂನ್ 30ಕ್ಕೆ ನಿಲ್ಲಿಸಿದರು.

ಕೆಟ್ಟದ್ದು ಎಲ್ಲಿ? ಒಡೆಯನಿಗೆ ನೋಟಿಸು ಸರಿಯಾಗಿ ತಲುಪಿಸದೆ, ಸಾಕ್ಷ್ಯ ಬರೆದುಕೊಳ್ಳದೆ ಮಂಡಳಿ ಒಂದೇ ಸಾಲಿನ ಆದೇಶ ಮಾಡಿದ ಕಡೆ ಹೈಕೋರ್ಟು ಅದನ್ನು ರದ್ದು ಮಾಡಿ ವಾಪಸ್ ಕಳಿಸಿತು. ಎರಡನೇ ಸಲ ವಿಚಾರಣೆ ಆಗುವಷ್ಟರಲ್ಲಿ ಸಾಕ್ಷಿ ಹೇಳಬೇಕಾದ ಮುದುಕರೇ ಇರುತ್ತಿರಲಿಲ್ಲ. ಸದಸ್ಯರನ್ನು ನೇಮಿಸಿದ್ದು ಸರ್ಕಾರ, ಹಾಗಾಗಿ ಮಂಡಳಿಯಲ್ಲಿ ಆಳುವ ಪಕ್ಷದವರ ಮಾತು ನಡೆಯಿತು ಎಂಬ ದೂರು ಸುಳ್ಳಲ್ಲ.

ಈಗ ಕೊಡಗು. ಇಲ್ಲಿ ಕಥೆ ಬೇರೆ, ಅದಕ್ಕೆ ಎರಡು ಕಾರಣ. ಒಂದು, ಸೈನಿಕ. ಸೇವೆಯಲ್ಲಿದ್ದಾಗ ಸೈನಿಕ ಕೊಟ್ಟ ಗೇಣಿಯನ್ನು 5ನೇ ಕಲಂ ಒಪ್ಪುತ್ತದೆ, ಅಂಥ ಜಮೀನು ಸರ್ಕಾರಕ್ಕೆ ಹೋಗಲಿಲ್ಲ. ನಿವೃತ್ತನಾಗಿ ಬಂದವನು ನೋಟಿಸು ಕೊಟ್ಟು ಗದ್ದೆ ಬಿಡಿಸಿಕೊಳ್ಳಲು 15ನೇ ಕಲಂನಲ್ಲಿ ದಾರಿಯಿತ್ತು. ಪಡೆಗೆ ಮಕ್ಕಳನ್ನು ಕಳಿಸಿದ ಒಕ್ಕಗಳಿಗೆ, ಅಂದರೆ ಕೊಡವ ಮನೆತನಗಳಿಗೆ, ಇದು ದೊಡ್ಡ ಆಸರೆ. ಎರಡು, ಕಾಫಿ. ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಟೀ ತೋಟಗಳಿಗೆ 104ನೇ ಕಲಂ ಪ್ರಕಾರ ಭೂಮಿತಿ, ಅಂದರೆ ಇಷ್ಟೇ ಎಕರೆ ಇಟ್ಟುಕೊಳ್ಳಬೇಕು ಎಂಬ ಮಿತಿ, ಇಲ್ಲ. ಬಯಲುಸೀಮೆಯಲ್ಲಿ ಆಗ ಐದು ಜನರ ಕುಟುಂಬಕ್ಕೆ ಎರಡು ಬೆಳೆಯ ಒಳ್ಳೆಯ ನೀರಾವರಿ ಜಮೀನು ಹತ್ತು ಎಕರೆ, ಒಣಭೂಮಿಯಾದರೆ 54 ಎಕರೆ ಎಂಬ ಮಿತಿಯಿತ್ತು. ಇಲ್ಲಿ ತೋಟಕ್ಕೆ ಆ ಗೆರೆಯೇ ಇಲ್ಲ.

ಹಾಗಾದರೆ ಕಿತ್ತುಕೊಂಡರು ಎಂಬ ಕೂಗು ಯಾಕೆ? ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲಿಗೆ, ಕೊಟ್ಟ ಗದ್ದೆಗಾಗಿ. ಆ ನೋವು ನಿಜ. ಆದರೆ ಅದಕ್ಕಿಂತ ದೊಡ್ಡ ಅನ್ಯಾಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೃಷಿ ಕೂಲಿಯವನು ಬೇರೆಯವರ ಜಾಗದಲ್ಲಿ ಕಟ್ಟಿಕೊಂಡ ಮನೆಯ ನಿವೇಶನ ಅವನದೇ ಎನ್ನುತ್ತದೆ 38ನೇ ಕಲಂ. ಅದನ್ನೂ ತೋಟಗಳಿಗೆ ಅನ್ವಯಿಸಲಿಲ್ಲ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿದ್ದ ಎರವ, ಕುರುಬ ಆದಿವಾಸಿ ಕುಟುಂಬಗಳಿಗೆ ಏಳನೇ ನಮೂನೆಯಿಂದಲೂ ಏನೂ ಸಿಗಲಿಲ್ಲ. ಏಕೆಂದರೆ ಅವರು ಗೇಣಿದಾರರಲ್ಲ, ಕೂಲಿಯವರು. ಅರಸು ಅವರನ್ನು ದೂರುವುದಾದರೆ ಇದಕ್ಕೆ ದೂರಬೇಕು.

ಸಮಯ ಕಡಿಮೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 1972ರಲ್ಲಿ ಹಾವನೂರು ಆಯೋಗ ನೇಮಿಸಿದರು, 1975ರಲ್ಲಿ ಅದರ ವರದಿ ಬಂತು, ಹಿಂದುಳಿದವರ ಮೀಸಲಾತಿಗೆ ಅದೇ ಅಡಿಪಾಯ. ತುರ್ತುಪರಿಸ್ಥಿತಿಯಲ್ಲಿ ಇಂದಿರಾ ಗಾಂಧಿಯವರ ಜೊತೆಗಿದ್ದರು. ಕೇಂದ್ರದ ಜನತಾ ಸರ್ಕಾರ ಅರಸು ಅವರ ಮೇಲೆ ತನಿಖೆಗೆ ಗ್ರೋವರ್ ಆಯೋಗ ಕೂರಿಸಿತು. 1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನಿಂದ ಇಂದಿರಾ ಅವರನ್ನು ಗೆಲ್ಲಿಸಿದವರೂ ಇವರೇ. ಮರುವರ್ಷ ಅದೇ ಇಂದಿರಾ ಅವರು ಅರಸು ಅವರನ್ನು ಪಕ್ಷದಿಂದ ಹೊರಗಿಟ್ಟರು. 1980ರ ಜನವರಿಯಲ್ಲಿ ಕುರ್ಚಿ ಹೋಯಿತು, ಅದರಲ್ಲಿ ಕೂತವರು ನಮ್ಮ ಸೋಮವಾರಪೇಟೆಯ ಶಾಸಕ ಆರ್. ಗುಂಡೂರಾವ್. 1982ರ ಜೂನ್ 6ರಂದು ಅರಸು ತೀರಿಕೊಂಡರು.

ಕೊನೆಗೆ ಒಂದು ಕೆಲಸದ ಮಾತು. ನಿಮ್ಮ ಅಜ್ಜನ ಟ್ರಂಕಿನಲ್ಲಿ ಹತ್ತನೇ ನಮೂನೆ ಇದ್ದರೆ ಈ ವಾರವೇ ಹೊರತೆಗೆಯಿರಿ. ಅದರಲ್ಲಿರುವ ಸರ್ವೆ ನಂಬರು, ಎಕರೆ, ಸೆಂಟ್ಸು ಈಗಿನ ಪಹಣಿಗೆ ತಾಳೆಯಾಗುತ್ತದೆಯೇ, 9ನೇ ಕಾಲಂನಲ್ಲಿ ಅಜ್ಜನ ಹೆಸರು ಬಂದಿದೆಯೇ ನೋಡಿ. ಬಂದಿಲ್ಲದಿದ್ದರೆ ನ್ಯಾಯಮಂಡಳಿಯ ಆದೇಶದ ದೃಢೀಕೃತ ನಕಲಿಗೆ ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಅರ್ಜಿ ಕೊಡಿ. ಹಳೆಯ ಕಾಗದ, ಮಡಿಕೆಯಲ್ಲೇ ಹರಿಯುತ್ತದೆ. ಮೊದಲು ಒಂದು ಜೆರಾಕ್ಸ್ ಮಾಡಿಸಿಕೊಳ್ಳಿ. ನಮಸ್ಕಾರ.