ಶರದೃತುವಿನ ಬೆಳಗಿನಲ್ಲಿ ಬನ್ನಿಮರ

ಕೇಳುಗರೆಲ್ಲರಿಗೂ ನಮಸ್ಕಾರ. ವಿಜಯದಶಮಿಯಂದು "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂದು ಎಲೆ ಹಂಚಿಕೊಳ್ಳುವ ಉತ್ತರ ಕರ್ನಾಟಕದವರಿಗೆ ಬನ್ನಿಮರದ ಪರಿಚಯ ಬೇಕಿಲ್ಲ. ಆ ಮರವನ್ನು ಸೂರ್ಯೋದಯದ ಎದುರು ಕಪ್ಪು ಆಕೃತಿಯಾಗಿ ಛಾಯಾಚಿತ್ರದಲ್ಲಿ ಹಿಡಿಯುವ ಬಗೆಯನ್ನು ಕುರಿತು ಇಂದು ನಾಲ್ಕು ಮಾತು ಹೇಳಬಯಸುತ್ತೇನೆ.

ವಿಜಯಪುರ, ಬಾಗಲಕೋಟೆ ಕಡೆಯ ಎರೆಹೊಲಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಅಕ್ಟೋಬರಿನಲ್ಲಿ ಹಿಂಗಾರಿ ಬಿಳಿಜೋಳ ಇನ್ನೂ ಗಿಡ್ಡವಾಗಿರುವುದರಿಂದ ದಿಗಂತಕ್ಕೆ ಅಡ್ಡಿಯಿರುವುದಿಲ್ಲ. ಕಪ್ಪು ಆಕೃತಿಯಲ್ಲಿ ಬಣ್ಣವೂ ತೊಗಟೆಯೂ ಅಳಿಸಿಹೋಗುತ್ತವೆ. ಮರ ಯಾವುದೆಂಬುದನ್ನು ಅದರ ಹೊರರೇಖೆಯೊಂದೇ ಹೇಳಬೇಕು. ಅಮೆರಿಕ ಖಂಡದಿಂದ ಬಂದು ಇಲ್ಲಿ ಪೊದೆಪೊದೆಯಾಗಿ ಹಬ್ಬಿರುವ ಬಳ್ಳಾರಿ ಜಾಲಿಯೆಂದು ಯಾರೂ ತಪ್ಪು ತಿಳಿಯಬಾರದೆಂದರೆ, ಬನ್ನಿಯ ನೆಟ್ಟಗಿನ ಕಾಂಡ, ಜೋಲುವ ಕಿರುಕೊಂಬೆಗಳು ಮತ್ತು ಬೆಳಕನ್ನು ಸೋಸುವ ಸಣ್ಣ ಎಲೆಗಳು ಆಕಾಶದ ಮೇಲೆ ಬಿಡಿಬಿಡಿಯಾಗಿ ಮೂಡುವಂತೆ ಕ್ಯಾಮೆರಾವನ್ನು ನೆಲಕ್ಕೆ ಹತ್ತಿರವಾಗಿ ತಗ್ಗಿಸಿ ಇಡಬೇಕು.

ಇನ್ನು, ನಿಲ್ಲುವ ಜಾಗ. ನಿಜವಾದ ಕೆಲಸವೆಲ್ಲ ಇರುವುದು ಇಲ್ಲಿಯೇ. ಸೂರ್ಯಬಿಂಬದ ಅಗಲ ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಮಾತ್ರ. ಆದ್ದರಿಂದ 6 ಮೀಟರ್ ಎತ್ತರದ ಮರ ಬಿಂಬದೊಳಗೆ ಪೂರ್ತಿ ಹಿಡಿಸಬೇಕಾದರೆ ಸುಮಾರು 700 ಮೀಟರ್ ದೂರ ಹೋಗಿ ಟೆಲಿ ಲೆನ್ಸ್ ಬಳಸಬೇಕಾಗುತ್ತದೆ. ನನಗೆ ಅಂಥ ಚಿತ್ರ ತುಸು ಚಮತ್ಕಾರವೆನಿಸುತ್ತದೆ. 200 ಮೀಟರ್ ದೂರದಿಂದ, ಬಿಂಬ ರೆಂಬೆಗಳ ನಡುವೆ ಸಿಕ್ಕಿಕೊಂಡಂತೆ ಕಾಣುವ ಚಿತ್ರವೇ ಹೆಚ್ಚು ಇಷ್ಟ. ಸೆಪ್ಟೆಂಬರ್ 23ರ ಸುಮಾರಿಗೆ ನೇರ ಪೂರ್ವದಲ್ಲಿ ಹುಟ್ಟುವ ಸೂರ್ಯ ಅಲ್ಲಿಂದಾಚೆ ದಿನಕ್ಕೆ ಹತ್ತಿರಹತ್ತಿರ 0.4 ಡಿಗ್ರಿ ದಕ್ಷಿಣಕ್ಕೆ ಸರಿಯುವುದರಿಂದ, ಒಂದು ವಾರ ಬಿಟ್ಟು ಅದೇ ಚಿತ್ರ ಬೇಕೆನ್ನುವವರು ಅಷ್ಟೇ ದೂರದಲ್ಲಿ ಒಂಬತ್ತು–ಹತ್ತು ಮೀಟರ್ ಉತ್ತರಕ್ಕೆ ಸರಿದು ನಿಲ್ಲಬೇಕು.

ಬೆಳಕನ್ನು ಮರದ ಮೇಲೆ ಅಳೆಯದೆ, ಸೂರ್ಯನ ಪಕ್ಕದ ಆಕಾಶದ ಮೇಲೆ ಅಳೆಯಿರಿ. ಮೊಬೈಲಿನಲ್ಲಾದರೆ ಆ ಭಾಗವನ್ನು ಮುಟ್ಟಿ ಬೆಳಕು ತಗ್ಗಿಸಿ. ಎಚ್‌ಡಿಆರ್ ಸೌಲಭ್ಯವನ್ನು ಬಂದ್ ಮಾಡಿ, ಏಕೆಂದರೆ ಅದು ಕತ್ತಲ ಭಾಗವನ್ನು ಬೆಳಗಿಸಿ ಕಪ್ಪು ಕಾಂಡವನ್ನು ಬೂದು ಮಾಡಿಬಿಡುತ್ತದೆ. ಟೆಲಿ ಲೆನ್ಸ್ ಹಾಕಿದ ಕ್ಯಾಮೆರಾದ ಕಿಂಡಿಗೆ ಕಣ್ಣಿಟ್ಟು ಸೂರ್ಯನನ್ನು ನೋಡಲೇಬಾರದು, ಕಣ್ಣಿಗೆ ಶಾಶ್ವತ ಹಾನಿಯಾದೀತು. ಹಿಂಬದಿಯ ಪರದೆಯಲ್ಲಿಯೇ ನೋಡಿಕೊಳ್ಳಬೇಕು. ಬಿಂಬದ ಅಂಚು ಕಂಡ ಮೇಲೆ ಅದು ಪೂರ್ತಿ ಮೇಲೇರಲು ಎರಡು ನಿಮಿಷಕ್ಕಿಂತ ತುಸು ಹೆಚ್ಚು ಸಾಕು. ಕೆಂಪು ಕಳೆದು ಅದು ಬೆಳ್ಳಗಾಗತೊಡಗಿದರೆ ಅದರ ಪ್ರಖರತೆ ಸುತ್ತಲಿನ ಸಣ್ಣ ಎಲೆಗಳನ್ನು ನುಂಗಿಬಿಡುವುದರಿಂದ, ತೆಗೆಯಬೇಕಾದ ಚಿತ್ರಗಳನ್ನು ಅದಕ್ಕೆ ಮೊದಲೇ ತೆಗೆದು ಮುಗಿಸಿರಬೇಕು. ನಮಸ್ಕಾರ.