ಹೊಸ್ತಿಲ ಮುಂದಿನ ಹೆಸರು

ನಮಸ್ಕಾರ. ಪುಸ್ತಕ ಕಾಲಿಗೆ ತಾಗಿದರೆ ನೀವೇನು ಮಾಡುತ್ತೀರಿ? ತಕ್ಷಣ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೀರಿ, ಅಲ್ವಾ? ನಾನೂ ಹಾಗೇ ಬೆಳೆದವನು. ಅದಕ್ಕೇ, ಜರ್ಮನಿಯ ಫುಟ್‌ಪಾತ್‌ಗಳಲ್ಲಿ ಹಿಟ್ಲರನ ನಾಜಿಗಳಿಂದ ಕೊಲೆಯಾದವರ ಹೆಸರಿನ ಕಲ್ಲು ಹೂತಿದ್ದಾರೆ ಎಂದು ಮೊದಲ ಸಲ ಓದಿದಾಗ ನನಗೆ ಹಿಂಸೆಯಾಯಿತು. ಬದುಕಿದ್ದಾಗ ತುಳಿಸಿಕೊಂಡವರನ್ನು ಸತ್ತ ಮೇಲೂ ತುಳಿಯಬೇಕೇ ಅನ್ನಿಸಿತು.

ಈಗ ಹಾಗನ್ನಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಆ ಕಲ್ಲಿಗೆ ಸ್ಟೋಲ್ಪರ್‌ಸ್ಟೈನ್ ಎನ್ನುತ್ತಾರೆ. ಅಂದರೆ ಎಡವುವ ಕಲ್ಲು. ನಿಜಕ್ಕೂ ಯಾರೂ ಎಡವುವುದಿಲ್ಲ, ನೆಲಕ್ಕೆ ಸಮನಾಗಿ ಕೂರಿಸಿರುತ್ತಾರೆ. ಅಂಗೈಯಷ್ಟು ಕಾಂಕ್ರೀಟ್ ತುಂಡು, ಮೇಲೆ ಹಿತ್ತಾಳೆ ತಗಡು. ಮೊದಲ ಸಾಲು ಹೆಚ್ಚಾಗಿ ಒಂದೇ: 'ಇಲ್ಲಿ ವಾಸವಿದ್ದರು'. ಆಮೇಲೆ ಹೆಸರು, ಹುಟ್ಟಿದ ವರ್ಷ, ಯಾವಾಗ ಸಾಗಿಸಿದರು, ನಾಜಿಗಳ ಯಾವ ಸೆರೆ ಕ್ಯಾಂಪಿಗೆ, ಕೊನೆಗೆ ಏನಾಯಿತು. ಆಶ್ವಿಟ್ಸ್. ಥೆರೇಸಿಯನ್‌ಸ್ಟಾಟ್. ಅಷ್ಟೇ ಬರೆದಿರುತ್ತದೆ.

ಇದನ್ನು ಶುರು ಮಾಡಿದವರು ಗುಂಟರ್ ಡೆಮ್ನಿಗ್ ಎಂಬ ಕಲಾವಿದ. 1940ರ ಮೇ ತಿಂಗಳಲ್ಲಿ ನಾಜಿಗಳು ಕೋಲ್ನ್ ನಗರದಿಂದ ಸುಮಾರು 1,000 ರೋಮಾ ಮತ್ತು ಸಿಂತಿ ಜನರನ್ನು, ಅಂದರೆ 'ಜಿಪ್ಸಿ'ಗಳು ಎಂದು ಕರೆಯಲಾಗುತ್ತಿದ್ದವರನ್ನು, ಸಾಗಿಸಿದ್ದರು. 50 ವರ್ಷದ ನಂತರ ಡೆಮ್ನಿಗ್ ಆ ದಾರಿಯುದ್ದಕ್ಕೂ ನೆಲದ ಮೇಲೆ ಗುರುತು ಹಾಕಿದರು. ಅವರೇ ಹೇಳುವಂತೆ, ಆ ಬೀದಿಯ ವಯಸ್ಸಾದ ಹೆಂಗಸೊಬ್ಬರು ಬಂದು, ನಮ್ಮ ಕಡೆ ಅಂಥ ಜನ ಇರಲೇ ಇಲ್ಲವಲ್ಲ ಎಂದರಂತೆ.

ಇದ್ದರು. ಅದೇ ಬೀದಿಯಲ್ಲಿ ಇದ್ದರು. ಆಕೆ ಸುಳ್ಳು ಹೇಳಿದರು ಎಂದು ನನಗೆ ಅನ್ನಿಸುವುದಿಲ್ಲ. ಪಕ್ಕದ ಮನೆ ಖಾಲಿಯಾಗುತ್ತದೆ, ಬೇರೆಯವರು ಬರುತ್ತಾರೆ, ಕಿಟಕಿಗೆ ಹೊಸ ಪರದೆ ಬೀಳುತ್ತದೆ. ಮೊದಲಿದ್ದವರು ಇರಲೇ ಇಲ್ಲ ಎನ್ನುವಷ್ಟು ಮರೆತುಹೋಗುತ್ತಾರೆ. ಈ ಪ್ರಸಂಗ ಓದಿದ ಮೇಲೆ 'ಇಲ್ಲಿ ವಾಸವಿದ್ದರು' ಎಂಬ ಸಾಲು ನನಗೆ ಬೇರೆಯೇ ಥರ ಕೇಳಿಸತೊಡಗಿತು.

60 ಲಕ್ಷ ಯಹೂದಿಗಳನ್ನು ಕೊಂದರು ಎಂದರೆ ಆ ಸಂಖ್ಯೆ ನಮ್ಮ ತಲೆಯಲ್ಲಿ ಹಿಡಿಸುವುದಿಲ್ಲ. ಆಶ್ವಿಟ್ಸ್ ಇರುವುದು ಪೋಲೆಂಡಿನಲ್ಲಿ, ಎಲ್ಲೋ ದೂರ. ಎಲ್ಲ ಅಲ್ಲೇ ನಡೆಯಿತು ಎಂದುಕೊಳ್ಳುವುದು ಸುಲಭ. ಆದರೆ ಅದು ಶುರುವಾದದ್ದು ಮನೆ ಬಾಗಿಲಲ್ಲಿ. ಕೈಯಲ್ಲಿ ಸೂಟ್‌ಕೇಸ್ ಹಿಡಿದು ಒಂದು ಸಂಸಾರ ಮೆಟ್ಟಿಲಿಳಿದು ಹೋಯಿತು. ಅಕ್ಕಪಕ್ಕದವರು ನೋಡಿದರು. ಈಗ ಅದೇ ಬಾಗಿಲ ಮುಂದೆ ಅಪ್ಪ, ಅಮ್ಮ, ಮಕ್ಕಳ ಕಲ್ಲುಗಳು ಒಂದರ ಪಕ್ಕ ಒಂದು ಇರುತ್ತವೆ. ತರಕಾರಿ ತಂದವರು, ಸ್ಕೂಲಿಗೆ ಹೊರಟವರು, ಎಲ್ಲರೂ ಅವನ್ನು ದಾಟಿಯೇ ಓಡಾಡಬೇಕು. ದೊಡ್ಡ ಸ್ಮಾರಕಕ್ಕೆ ನಾವು ಮನಸ್ಸು ಮಾಡಿ ಹೋಗಬೇಕು. ಇದು ಹಾಲು ತರಲು ಹೋದಾಗಲೂ ಕಾಣುತ್ತದೆ.

1996ರಲ್ಲಿ ಬರ್ಲಿನ್‌ನ ಕ್ರಾಯ್ಟ್ಸ್‌ಬರ್ಗ್‌ ಬಡಾವಣೆಯಲ್ಲಿ ಡೆಮ್ನಿಗ್ ಕಲ್ಲು ಕೂರಿಸಿದ್ದು ಅನುಮತಿ ಇಲ್ಲದೆ. 2023ರ ಮೇ ತಿಂಗಳಲ್ಲಿ ನ್ಯೂರೆಂಬರ್ಗ್‌ನಲ್ಲಿ 1,00,000ನೇ ಕಲ್ಲು ಕೂತಿತು. ಇಷ್ಟಾದರೂ ಅಕ್ಷರಗಳನ್ನು ಸುತ್ತಿಗೆಯಿಂದ ಒಂದೊಂದಾಗಿ ಕೈಯಲ್ಲೇ ಹೊಡೆಯುತ್ತಾರೆ. ಕೊಂದವರು ಕಾರ್ಖಾನೆಯಂತೆ ಕೊಂದರು. ಹೆಸರು ಬರೆಯುವುದು ಹಾಗಾಗಬಾರದು ಎಂಬುದು ಅವರ ನಿಲುವು. ನನಗೆ ಇದು ತುಂಬಾ ದೊಡ್ಡದು ಅನ್ನಿಸುತ್ತದೆ.

ಆದರೂ ಮ್ಯೂನಿಕ್ ನಗರ ಇದನ್ನು ಒಪ್ಪಲಿಲ್ಲ. ಅಲ್ಲಿ ಸರ್ಕಾರಿ ಜಾಗದಲ್ಲಿ ಈ ಕಲ್ಲು ಹಾಕುವಂತಿಲ್ಲ ಎಂದು 2004ರಲ್ಲೇ ತೀರ್ಮಾನವಾಯಿತು. ಅಲ್ಲಿನ ಯಹೂದಿ ಸಮುದಾಯದ ಮುಖ್ಯಸ್ಥೆ ಶಾರ್ಲೊಟ್ಟೆ ಕ್ನೋಬ್ಲೋಖ್ ಇದನ್ನು ಬಲವಾಗಿ ವಿರೋಧಿಸಿದರು. ಅವರ ಮಾತನ್ನು ಸುಮ್ನೆ ತಳ್ಳಿಹಾಕಲು ನನಗೆ ಹಕ್ಕಿಲ್ಲ. 1932ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಒಂದು ಹಳ್ಳಿಯ ರೈತರ ಮನೆಯಲ್ಲಿ ಅಡಗಿಕೊಂಡು ಬದುಕಿದವರು. ಅವರ ಅಜ್ಜಿಯನ್ನು ಸಾಗಿಸಿದ್ದು ಥೆರೇಸಿಯನ್‌ಸ್ಟಾಟ್‌ಗೆ, ಅಜ್ಜಿ ವಾಪಸ್ ಬರಲಿಲ್ಲ. ಆ ಹೆಸರುಗಳ ಮೇಲೆ ಮತ್ತೆ ಬೂಟುಕಾಲು ಬೀಳಬಾರದು ಎಂದು ಅವರು ಹೇಳಿದರೆ, ಅದು ನನ್ನ ಪುಸ್ತಕದ ಸಂಕಟಕ್ಕಿಂತ ನೂರು ಪಾಲು ಹೆಚ್ಚಿನದು. 2018ರಿಂದ ಆ ನಗರದಲ್ಲಿ ಕಣ್ಣೆತ್ತರಕ್ಕೆ, ಗೋಡೆಯ ಮೇಲೋ ಕಂಬದ ಮೇಲೋ ಹೆಸರು ಹಾಕುತ್ತಿದ್ದಾರೆ. ಅದೂ ಮನೆ ಮುಂದೆಯೇ. ಒಳ್ಳೆಯದೇ.

ಆದರೆ ತಮ್ಮವರ ಹೆಸರು ನೆಲದಲ್ಲೇ ಇರಲಿ ಎಂದು ಕೇಳಿದ ಕುಟುಂಬಗಳೂ ಅಲ್ಲಿವೆ. ಅವರಿಗೆ ಬೇಡ ಎನ್ನುವ ಅಧಿಕಾರ ನಗರಸಭೆಗೆ ಇರಬಾರದಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಗೋಡೆಯೋ ನೆಲವೋ, ಹೇಳಬೇಕಾದವರು ಮೊದಲು ಆ ಮನೆಯವರು.

ಇನ್ನು ಕಾಲಿನ ವಿಷಯ. ಹಿತ್ತಾಳೆ ಬಿಸಿಲು ಮಳೆಗೆ ಕಪ್ಪಾಗುತ್ತದೆ. ಹಾಗಾಗಿ ಪ್ರತಿ ವರ್ಷ ನವೆಂಬರ್ 9ರಂದು, ಅಂದರೆ 1938ರಲ್ಲಿ ಯಹೂದಿಗಳ ಅಂಗಡಿ, ಸಿನಗಾಗ್‌ಗಳನ್ನು (ಪ್ರಾರ್ಥನಾ ಮಂದಿರಗಳನ್ನು) ಒಡೆದು ಸುಟ್ಟ ರಾತ್ರಿಯ ನೆನಪಿಗೆ, ಜನ ಬಟ್ಟೆ, ಪಾಲಿಶ್ ಹಿಡಿದು ಬೀದಿಗೆ ಬರುತ್ತಾರೆ. ಮೊಣಕಾಲೂರಿ ಒಂದೊಂದು ಹೆಸರನ್ನೂ ಕೈಯಿಂದ ಉಜ್ಜುತ್ತಾರೆ. ಪಕ್ಕದಲ್ಲಿ ಒಂದು ಮೇಣದ ಬತ್ತಿ, ಒಂದು ಹೂವು ಇಡುತ್ತಾರೆ.

ಬರ್ಲಿನ್, ಹ್ಯಾಂಬರ್ಗ್, ಫ್ರಾಂಕ್‌ಫರ್ಟ್ ಕಡೆಯಿಂದ ಇದನ್ನು ಕೇಳುತ್ತಿರುವ ಕನ್ನಡದವರು ಯಾರಾದರೂ ಇದ್ದರೆ, ಈ ಸಲ ಅವರ ಜೊತೆ ಕೂತುಕೊಳ್ಳಿ. ನಿಮ್ಮ ಬೀದಿಯಲ್ಲೇ ಒಂದು ಕಲ್ಲು ಇರಬಹುದು. ಹಬ್ಬಕ್ಕೆ ಮೊದಲು ಅಮ್ಮ ಹುಣಸೆಹಣ್ಣು ಹಾಕಿ ಹಿತ್ತಾಳೆ ದೀಪ ಬೆಳಗುತ್ತಿದ್ದುದನ್ನು ನೋಡಿದ ಕೈಗೆ, ಆ ಕೆಲಸ ಹೊಸದೇನಲ್ಲ.