ಧ್ಯಾನದಲ್ಲಿ ಲಯ, ವಿಕ್ಷೇಪ: ಗುರುತು ಮತ್ತು ಪರಿಹಾರ

ಎಲ್ಲರಿಗೂ ನಮಸ್ಕಾರ. ‘ಮನಸ್ಸು ನಿಲ್ಲುತ್ತಿಲ್ಲ, ಏನು ಮಾಡಲಿ?’ ಧ್ಯಾನಕ್ಕೆ ಕೂರುವವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ಮದ್ದು ಹೇಳುವ ಮೊದಲು ಮನಸ್ಸು ಏಕೆ ನಿಲ್ಲುತ್ತಿಲ್ಲ ಎಂದು ನೋಡಬೇಕು. ಒಂದಕ್ಕೆ ಒಗ್ಗುವ ಮದ್ದು ಇನ್ನೊಂದನ್ನು ಕೆಡಿಸುತ್ತದೆ.

ಚಿತ್ತವನ್ನು ಒಂದು ಎಡೆಯಲ್ಲಿ ಕಟ್ಟುವುದು ಧಾರಣೆ, ಅಲ್ಲಿ ಅದೇ ಅರಿವು ಕಡಿಯದೆ ಹರಿದರೆ ಧ್ಯಾನ ಎನ್ನುತ್ತಾನೆ ಯೋಗಸೂತ್ರ ಬರೆದ ಪತಂಜಲಿ. ಆ ಸೂತ್ರಗಳ ವ್ಯಾಖ್ಯಾನವಾದ ವ್ಯಾಸಭಾಷ್ಯ ಆ ಎಡೆಗಳನ್ನೂ ಹೇಳುತ್ತದೆ: ಹೊಕ್ಕುಳು, ಹೃದಯಕಮಲ, ನೆತ್ತಿಯ ಬೆಳಕು, ಮೂಗಿನ ತುದಿ, ನಾಲಗೆಯ ತುದಿ. ಹೊರಗಿನ ವಸ್ತುವೂ ಆದೀತು; ನಮ್ಮ ಶರಣ ಪರಂಪರೆಯಲ್ಲಿ ಎಡ ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಡುತ್ತಾರೆ. ಯಾವುದಾದರೂ ಸರಿ, ವಾರಕ್ಕೊಮ್ಮೆ ಬದಲಿಸಬೇಡಿ.

ಕೂರ್ಮಪುರಾಣದ ಆಧಾರದಲ್ಲಿ ಸ್ವಾಮಿ ವಿವೇಕಾನಂದರು ಒಂದು ಅಳತೆ ಕೊಟ್ಟಿದ್ದಾರೆ. ಮನಸ್ಸು 12 ಸೆಕೆಂಡು ನಿಂತರೆ ಧಾರಣೆ, ಅಂಥ 12 ಧಾರಣೆ ಸೇರಿದರೆ ಧ್ಯಾನ. ಅಂದರೆ 2 ನಿಮಿಷ 24 ಸೆಕೆಂಡು. ಆ 12 ಸೆಕೆಂಡು, ಅಂದರೆ ಮೂರು-ನಾಲ್ಕು ಸಹಜ ಉಸಿರಿನಷ್ಟು ಹೊತ್ತು, ಮನಸ್ಸು ಅಲುಗದೆ ಇರುವುದೇ ಎಷ್ಟು ಕಷ್ಟ ಎಂದು ಇಂದೇ ನೋಡಿ. ಓಡಿದಲ್ಲಿಂದ ಮತ್ತೆ ಮತ್ತೆ ಎಳೆತರಬೇಕು ಎಂದು ಗೀತೆಯ ಆರನೇ ಅಧ್ಯಾಯ ಹೇಳುವುದು ಇದಕ್ಕೇ. ಎಳೆತರುವುದೇ ಅಭ್ಯಾಸ, ಸೋಲಲ್ಲ.

ಆಸನದ ಬಗ್ಗೆ ಒಂದೇ ಮಾತು. ಮಂಡಿ ಸೊಂಟಕ್ಕಿಂತ ಮೇಲಿದ್ದರೆ ಕೆಳಬೆನ್ನು ಗೂನಾಗಿ ಹತ್ತು ನಿಮಿಷಕ್ಕೇ ನೋವು ಬರುತ್ತದೆ. ಮೂರು-ನಾಲ್ಕು ಅಂಗುಲ ದಪ್ಪಕ್ಕೆ ಮಡಚಿದ ಕಂಬಳಿಯ ಅಂಚಿನ ಮೇಲೆ ಕೂತರೆ ಸಾಕು.

ಇನ್ನು ವಿಘ್ನಗಳು. ಅದ್ವೈತದ ಹಿರಿಯ ಆಚಾರ್ಯ ಗೌಡಪಾದರ ಕಾರಿಕೆ (ಮಾಂಡೂಕ್ಯ ಉಪನಿಷತ್ತನ್ನು ವಿವರಿಸುವ ಶ್ಲೋಕಗಳು) ಇವನ್ನು ವಿಂಗಡಿಸಿರುವ ರೀತಿ ನನಗೆ ಎಲ್ಲಕ್ಕಿಂತ ಉಪಯುಕ್ತವೆನಿಸುತ್ತದೆ. ಮೊದಲನೆಯದು ಲಯ, ಮನಸ್ಸು ನಿದ್ದೆಗೆ ಜಾರುವುದು. ಗದ್ದ ನಿಧಾನವಾಗಿ ಎದೆಯ ಕಡೆ ಇಳಿಯುತ್ತದೆ, ಉಸಿರು ಭಾರವಾಗುತ್ತದೆ, ಜಪದ ಅಕ್ಷರಗಳು ಕರಗಿ ಕನಸಿನ ತುಣುಕುಗಳು ಸುಳಿಯುತ್ತವೆ. ಅರ್ಧಗಂಟೆ ಕ್ಷಣದಂತೆ ಕಳೆದಿರುತ್ತದೆ. ‘ಇವತ್ತು ಧ್ಯಾನ ಚೆನ್ನಾಗಾಯಿತು’ ಎನಿಸುತ್ತದೆ. ಎದ್ದಾಗ ಮಂಪರಿದ್ದರೆ ಅದು ತೂಕಡಿಕೆ, ಅಷ್ಟೇ. ಹೊಟ್ಟೆ ತುಂಬ ಉಂಡದ್ದೋ ನಿದ್ದೆಗೆಟ್ಟದ್ದೋ ಕಾರಣವಿರುತ್ತದೆ. ಚಿತ್ತವನ್ನು ಎಬ್ಬಿಸಬೇಕು: ಕಣ್ಣು ಅರ್ಧ ತೆರೆಯಿರಿ, ಬೆನ್ನು ನೆಟ್ಟಗೆ ಮಾಡಿ, ಮಾನಸ ಜಪ ಬಿಟ್ಟು ತುಟಿಯಾಡುವ ಉಪಾಂಶು ಜಪಕ್ಕೆ ಬನ್ನಿ.

ಎರಡನೆಯದಾದ ವಿಕ್ಷೇಪ ಇದರ ತಿರುಗುಮುರುಗು: ಮನಸ್ಸು ಚದುರಿ ಓಡುತ್ತದೆ. ಜಪ ತಾನಾಗಿ ವೇಗವಾಗುತ್ತದೆ, ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತದೆ. ಇಲ್ಲಿ ಶಮನ ಬೇಕು. ನಾಲ್ಕು ಎಣಿಕೆ ಒಳಕ್ಕೆ, ಎಂಟು ಎಣಿಕೆ ಹೊರಕ್ಕೆ, ಹೀಗೆ ಹತ್ತು ಉಸಿರು. ಮುಂದಿನ ಉಸಿರಿಗೆ ಏದುಸಿರು ಬಂದರೆ ರೇಚಕ, ಅಂದರೆ ಉಸಿರು ಹೊರಬಿಡುವುದನ್ನು, ಹೆಚ್ಚು ಎಳೆದಿದ್ದೀರಿ, ಆರಕ್ಕೆ ಇಳಿಸಿ. ಇದೇ ದೀರ್ಘ ರೇಚಕವನ್ನು ತೂಕಡಿಸುವವನು ಮಾಡಿದರೆ ನಿದ್ದೆ ಇನ್ನೂ ಗಾಢವಾಗುತ್ತದೆ.

ಮೂರನೆಯದು ಕಷಾಯ. ಮನಸ್ಸು ಮಲಗಿಲ್ಲ, ಓಡುತ್ತಲೂ ಇಲ್ಲ. ಒಳಗಿನ ರಾಗದ್ವೇಷದಿಂದ ಬಿಗಿದು ನಿಂತಿದೆ. ಇದನ್ನು ಸಮಾಧಿಯೆಂದು ಭ್ರಮಿಸದೆ, ಇದು ಕಷಾಯವೆಂದು ಗುರುತಿಸಬೇಕು.

ಕೊನೆಯದು ರಸಾಸ್ವಾದ: ನೆಮ್ಮದಿಯ ಸುಖ ಸಿಕ್ಕಿತೆಂದು ಅದನ್ನೇ ಸವಿಯುತ್ತ ಕೂರುವುದು. ಯೋಗದಿಂದ ಬರುವ ಅಲೌಕಿಕ ಶಕ್ತಿಗಳಾದ ಸಿದ್ಧಿಗಳನ್ನೇ ಸಮಾಧಿಗೆ ಅಡ್ಡಿಯೆಂದವನು ಪತಂಜಲಿ. ಅವನ ಗುರಿ ದ್ರಷ್ಟೃ, ಅಂದರೆ ಒಳಗಿನಿಂದ ನೋಡುವ ಚೈತನ್ಯ, ತನ್ನ ಸ್ವರೂಪದಲ್ಲಿ ನಿಲ್ಲುವುದು. ಅದ್ವೈತಿಗಳ ಗುರಿ ಆತ್ಮವೇ ಬ್ರಹ್ಮವೆಂಬ ಅರಿವು. ಇಬ್ಬರ ದರ್ಶನ ಬೇರೆಯಾದರೂ ಈ ಸುಖವನ್ನು ಇಬ್ಬರೂ ಗುರಿಯೆಂದು ಒಪ್ಪುವುದಿಲ್ಲ. ಸುಖ ಬಂದಾಗಲೂ ಆಲಂಬನಕ್ಕೇ, ಅಂದರೆ ಮನಸ್ಸನ್ನು ಕಟ್ಟಿದ ಎಡೆಗೇ, ಮರಳಿ.